ಕಿಂಟೋರ್‌ನ ಡಯಾಲಿಸಿಸ್ ಕುರ್ಚಿ: ಮೂಲನಿವಾಸಿಗಳ ಆರೋಗ್ಯದ ಕಲ್ಪನೆ ಸರ್ಕಾರದ ಲೆಕ್ಕಪುಸ್ತಕ ಸೇರಿದ ಬಗೆ

ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಅಂತ ಒಂದು ಪಟ್ಟಣವಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 530 ಕಿಲೋಮೀಟರ್ ಹೋದರೆ ಕಿಂಟೋರ್ ಸಿಗುತ್ತದೆ. ಊರಿನವರ ಬಾಯಲ್ಲಿ ಅದು ವಾಲುಂಗುರು. ಬೆಂಗಳೂರಿನಿಂದ ಬೆಳಗಾವಿಗೆ ಹೋದಷ್ಟು ದೂರ ಅಂದುಕೊಳ್ಳಿ. ಆದರೆ ನಡುವೆ ತುಮಕೂರು, ದಾವಣಗೆರೆ, ಹುಬ್ಬಳ್ಳಿ ಯಾವುದೂ ಇಲ್ಲ. ದಾರಿಯ ಬಹುಪಾಲು ಕೆಂಪು ಮಣ್ಣು. ಜೋರು ಮಳೆ ಬಂದರೆ ರಸ್ತೆ ಬಂದ್. ಊರಲ್ಲಿರುವುದು ಕೆಲವು ನೂರು ಜನ, ಹೆಚ್ಚಿನವರು ಪಿಂಟುಪಿ ಸಮುದಾಯದವರು.

ಈ ಜನ 2000ನೇ ಇಸವಿಯಲ್ಲಿ ಚಿತ್ರ ಬರೆದು, ಹರಾಜಿಗಿಟ್ಟು, ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ದುಡ್ಡು ಎತ್ತಿದರು. ತಮ್ಮ ಊರಲ್ಲೇ ಡಯಾಲಿಸಿಸ್ ಆಗಬೇಕು ಅನ್ನುವುದು ಅವರ ಆಸೆ. ಹದಿನೆಂಟು ವರ್ಷ ಆದಮೇಲೆ, 2018ರ ನವೆಂಬರ್‌ನಲ್ಲಿ, ಆಸ್ಟ್ರೇಲಿಯಾ ಸರ್ಕಾರ ತನ್ನ ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಪಟ್ಟಿಗೆ ಒಂದು ಹೊಸ ಸಾಲು ಸೇರಿಸಿತು. ತೀರಾ ದೂರದ ಊರುಗಳಲ್ಲಿ ನರ್ಸ್ ಅಥವಾ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರು ಮಾಡುವ ಡಯಾಲಿಸಿಸ್‌ಗೂ ಕೇಂದ್ರದಿಂದ ಹಣ ಬರುವಂತಾಯಿತು. ಈ ಎರಡು ಘಟನೆಗಳ ನಡುವೆ ನಡೆದದ್ದೇ ಈ ಪ್ರಕರಣ.

ಮೂಲನಿವಾಸಿಗಳಿಗೆ ಆರೋಗ್ಯ ಅಂದರೆ ನೆಲ, ನಂಟು, ಆಚರಣೆ, ದೇಹ ಎಲ್ಲ ಸೇರಿದ್ದು ಅನ್ನುವ ಮಾತು ಈಗ ಅಲ್ಲಿನ ಪ್ರತಿಯೊಂದು ಸರ್ಕಾರಿ ವರದಿಯಲ್ಲೂ ಇದೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆಯಲು ಖರ್ಚೂ ಇಲ್ಲ, ಒಪ್ಪಲೂ ಖರ್ಚಿಲ್ಲ. ಕಷ್ಟ ಶುರುವಾಗುವುದು ಮುಂದಿನ ಪ್ರಶ್ನೆಯಿಂದ. ಆ ಮಾತನ್ನು ನಿಜ ಅಂತ ನಂಬಿದರೆ, ಯಂತ್ರ ಎಲ್ಲಿ ಇಡಬೇಕು? ನರ್ಸ್ ಎಲ್ಲಿ ಇರಬೇಕು? ಬಿಲ್ ಯಾರು ಕಟ್ಟಬೇಕು? ಕಿಂಟೋರ್‌ನವರು ಇದಕ್ಕೆ ಉತ್ತರ ಮಾಡಿ ತೋರಿಸಿದರು. ಸರ್ಕಾರ ಬಹಳ ನಿಧಾನವಾಗಿ ಹಿಂದೆ ಬಂತು.

ಊರಿಗೆ ವಾಪಸ್ ಬಂದವರು

ಪಿಂಟುಪಿಗಳು ಪಶ್ಚಿಮ ಮರುಭೂಮಿಯವರು. ಬಿಳಿಯರ ಸಂಪರ್ಕಕ್ಕೆ ತೀರಾ ತಡವಾಗಿ ಬಂದವರು. ಅವರಲ್ಲಿ ಒಂಬತ್ತು ಜನರ ಒಂದು ಕುಟುಂಬ ಹೊರಗಿನವರನ್ನು ಮೊದಲು ಕಂಡದ್ದು 1984ರಲ್ಲಿ ಅಂದರೆ ನಂಬಲು ಕಷ್ಟ, ಅಲ್ವಾ? ಆದರೆ ಹೆಚ್ಚಿನವರನ್ನು ಅದಕ್ಕೂ ಎರಡು ಮೂರು ದಶಕ ಮೊದಲೇ ಪೂರ್ವಕ್ಕೆ ಕರೆತಂದು, ಪಾಪುನ್ಯಾ ಎಂಬ ಸರ್ಕಾರಿ ವಸಾಹತಿನಲ್ಲಿ ಇರಿಸಿದ್ದರು. ಅಲ್ಲಿ ಬೇರೆ ಬೇರೆ ಭಾಷೆಯವರು ಒತ್ತೊತ್ತಾಗಿ ಬದುಕಬೇಕಿತ್ತು. ಕಾಯಿಲೆ ಹರಡಿತು. ಬಂದವರಲ್ಲಿ ಬಹಳ ಜನ ತೀರಿಕೊಂಡರು. ಜೊತೆಗೆ ಆ ನೆಲ ಬೇರೆಯವರದ್ದು. ಅಲ್ಲಿ ಪಿಂಟುಪಿಗಳಿಗೆ ಹಾಡುವ ಹಕ್ಕಿಲ್ಲ, ಹೇಳುವ ಹಕ್ಕಿಲ್ಲ.

1981ರಲ್ಲಿ ಅವರು ಗುಂಪು ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟರು. ಕಿಂಟೋರ್ ಹುಟ್ಟಿದ್ದು ಹಾಗೆ. ಕೆಲವರು ಇನ್ನೂ ಮುಂದೆ ಹೋಗಿ, ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಗಡಿಯೊಳಗೆ ಕಿವಿರ್ಕುರಾ ಅನ್ನುವ ಊರು ಮಾಡಿಕೊಂಡರು. ಗಡಿ ಅನ್ನುವ ಪದ ಇಲ್ಲಿ ನೆನಪಿಟ್ಟುಕೊಳ್ಳಿ, ಮುಂದೆ ಅದು ದೊಡ್ಡ ತಲೆನೋವಾಗುತ್ತದೆ.

ಮರುಭೂಮಿಯವರ ನಂಬಿಕೆಯಲ್ಲಿ ಪ್ರತಿ ಬೆಟ್ಟಕ್ಕೆ, ನೀರಿನ ಗುಂಡಿಗೆ ಒಂದು ಮೂಲಪುರುಷನ ಕಥೆ ಇದೆ. ಆ ಕಥೆ ಹಾಡಿನಲ್ಲಿದೆ, ಕುಣಿತದಲ್ಲಿದೆ. ಆ ಜಾಗಕ್ಕೆ ಸೇರಿದವರು ಆಗಾಗ ಅಲ್ಲಿಗೆ ಹೋಗಬೇಕು, ಹಾಡಬೇಕು, ಹುಲ್ಲು ಸುಡಬೇಕು, ನೀರಿನ ಗುಂಡಿಯ ಕಸ ತೆಗೆಯಬೇಕು. ಹೋಗದೆ ಬಿಟ್ಟರೆ ಜಾಗ ಸೊರಗುತ್ತದೆ, ಜಾಗದ ಜನವೂ ಸೊರಗುತ್ತಾರೆ. ಹಾಗಾಗಿ ಕಿಂಟೋರ್‌ಗೆ ಮರಳಿದ್ದನ್ನು ಅವರು ಚಿಕಿತ್ಸೆಯ ಲೆಕ್ಕದಲ್ಲೇ ನೋಡಿದರು. ಆರೋಗ್ಯ ಇಲಾಖೆಯ ಕಡತದಲ್ಲಿ ಮಾತ್ರ ಅದು ವಸತಿಯ ವಿಷಯ.

ವಾರಕ್ಕೆ ಮೂರು ದಿನ, ಸಾಯುವವರೆಗೆ

ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಕಿಡ್ನಿ ಕೈಕೊಡುವ ಪ್ರಮಾಣ ದೇಶದ ಸರಾಸರಿಗಿಂತ ಹತ್ತಾರು ಪಟ್ಟು ಜಾಸ್ತಿ. ಕಾರಣಗಳು ಒಂದರ ಮೇಲೊಂದು ಪೇರಿಸಿಕೊಂಡಿವೆ. ಕಮ್ಮಿ ತೂಕದಲ್ಲಿ ಹುಟ್ಟಿದ ಮಗುವಿಗೆ ಕಿಡ್ನಿಯ ಸೋಸುವ ಘಟಕಗಳೇ ಕಮ್ಮಿ ಇರುತ್ತವೆ. ಒಂದೇ ಮನೆಯಲ್ಲಿ ತುಂಬಾ ಜನ ಇದ್ದಾಗ ಕಜ್ಜಿ ಹರಡುತ್ತದೆ, ಕೆರೆದ ಗಾಯಕ್ಕೆ ಸ್ಟ್ರೆಪ್ಟೊಕಾಕಸ್ ಸೇರಿಕೊಳ್ಳುತ್ತದೆ, ಅದರಿಂದ ಕಿಡ್ನಿ ಊದಿಕೊಳ್ಳುತ್ತದೆ. ಆಮೇಲೆ ಸಕ್ಕರೆ ಕಾಯಿಲೆ, ಬಿಪಿ. ನಲವತ್ತು ಐವತ್ತು ವಯಸ್ಸಿಗೆ ಯಂತ್ರ ಬೇಕಾಗುತ್ತದೆ.

ಡಯಾಲಿಸಿಸ್ ಅಂದರೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕೈದು ಗಂಟೆ. ತೋಳಿಗೆ ಎರಡು ದಪ್ಪ ಸೂಜಿ. ಒಂದರಿಂದ ರಕ್ತ ಹೊರಗೆ, ಇನ್ನೊಂದರಿಂದ ಒಳಗೆ. ನಡುವೆ ದಿನಕ್ಕೆ ಒಂದು ಲೀಟರ್ ಆಸುಪಾಸು ಮಾತ್ರ ನೀರು ಕುಡಿಯಬೇಕು, ಅದೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ. ಒಂದು ವಾರ ತಪ್ಪಿಸಿದರೆ ಜೀವಕ್ಕೆ ಅಪಾಯ. ಹಾಗಾಗಿ ಯಂತ್ರ ಎಲ್ಲಿದೆಯೋ ನಿಮ್ಮ ಮನೆ ಅಲ್ಲೇ ಆಗಿಬಿಡುತ್ತದೆ. 2000ಕ್ಕೆ ಮೊದಲು ಕಿಂಟೋರ್‌ನವರಿಗೆ ಆ ಯಂತ್ರ ಇದ್ದದ್ದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ.

ಒಬ್ಬ ಹಿರಿಯರನ್ನು ಪಟ್ಟಣಕ್ಕೆ ಸಾಗಿಸಿದರೆ ಏನಾಗುತ್ತಿತ್ತು ನೋಡಿ. ಅವರನ್ನು ಒಂಟಿಯಾಗಿ ಬಿಡುವಂತಿಲ್ಲ. ಹೆಂಡತಿ ಬರುತ್ತಾಳೆ, ಮೊಮ್ಮಕ್ಕಳು ಬರುತ್ತಾರೆ. ಇರಲು ಜಾಗ ಇಲ್ಲ. ಪಟ್ಟಣದಂಚಿನ ಶಿಬಿರದಲ್ಲಿ, ಕೆಲವು ಸಲ ಒಣಗಿದ ಟಾಡ್ ನದಿಯ ಪಾತ್ರದಲ್ಲಿ ದಿನ ನೂಕಬೇಕು. ಮಕ್ಕಳ ಸ್ಕೂಲು ತಪ್ಪುತ್ತದೆ, ಹೆಂಡದಂಗಡಿ ಹತ್ತಿರವಾಗುತ್ತದೆ. ಅತ್ತ ಊರಲ್ಲಿ ಸಾವಾದರೆ ನಿಂತು ನಡೆಸಲು ಹಿರಿಯರಿಲ್ಲ. ಹುಡುಗರಿಗೆ ಹಾಡು ಕಲಿಸುವವರಿಲ್ಲ. ಒಂದು ಕಿಡ್ನಿ ಕೆಟ್ಟರೆ ಒಂದು ಊರಿನ ಅರ್ಧ ವ್ಯವಹಾರ ನಿಲ್ಲುತ್ತಿತ್ತು.

ಕೆಲವರು ಪಟ್ಟಣಕ್ಕೆ ಹೋಗುವುದೇ ಬೇಡ ಅಂದು ಊರಲ್ಲೇ ಕಣ್ಣು ಮುಚ್ಚಿದರು. ಕೆಲವರು ಹೋಗಿ, ತಡೆಯಲಾಗದೆ, ಚಿಕಿತ್ಸೆ ತಪ್ಪಿಸಿ ಊರಿಗೆ ಓಡಿ ಬರುತ್ತಿದ್ದರು. ಆಸ್ಪತ್ರೆಯ ಭಾಷೆಯಲ್ಲಿ ಇವರು ಹೇಳಿದಂತೆ ಕೇಳದ ರೋಗಿಗಳು. ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ದೇಹ ಉಳಿಸುವ ಚಿಕಿತ್ಸೆಗೆ ಆರೋಗ್ಯದ ಉಳಿದೆಲ್ಲ ಭಾಗವನ್ನೂ ಬೆಲೆಯಾಗಿ ಕೇಳಲಾಗುತ್ತಿತ್ತು. ಆ ಬೆಲೆ ಕೊಡದವರನ್ನು ಶಿಸ್ತಿಲ್ಲದವರು ಅಂತ ಬರೆದುಕೊಳ್ಳಲಾಗುತ್ತಿತ್ತು.

(ಮರುಭೂಮಿಯಲ್ಲಿ ತೀರಿಕೊಂಡವರ ಹೆಸರನ್ನು ಬಹಳ ಕಾಲ ಬಾಯಲ್ಲಿ ಹೇಳುವುದಿಲ್ಲ. ಹಾಗಾಗಿ ಮೊದಲ ರೋಗಿಗಳ, ಮುಂದಾಳುಗಳ ಹೆಸರು ಇಲ್ಲಿ ಹಾಕಿಲ್ಲ.)

ಕಾಗದದಲ್ಲಿ ಎಲ್ಲ ಇತ್ತು

ತಮಾಷೆ ಏನಂದರೆ, ಇಷ್ಟೆಲ್ಲ ಆಗುವ ಹೊತ್ತಿಗೆ ಸರ್ಕಾರದ ಬಳಿ ಸರಿಯಾದ ಮಾತುಗಳು ಇದ್ದವು. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳೇ ನಡೆಸುವ ಮೊದಲ ವೈದ್ಯಕೀಯ ಸೇವೆ ಶುರುವಾಗಿತ್ತು. ಅದೇ ಮಾದರಿ ದೇಶದ ತುಂಬ ಹಬ್ಬಿತು. ಆ ಚಳವಳಿಯ ಜನ ಸೇರಿ ರೂಪಿಸಿದ ರಾಷ್ಟ್ರೀಯ ಮೂಲನಿವಾಸಿ ಆರೋಗ್ಯ ಕಾರ್ಯತಂತ್ರ 1989ರಲ್ಲಿ ಬಂತು. ಆರೋಗ್ಯ ಅಂದರೆ ಒಬ್ಬ ವ್ಯಕ್ತಿಯ ದೇಹದ ಸುಖಕ್ಕಷ್ಟೇ ನಿಲ್ಲುವುದಿಲ್ಲ, ಇಡೀ ಸಮುದಾಯದ ಸಾಮಾಜಿಕ, ಭಾವನಾತ್ಮಕ, ಸಾಂಸ್ಕೃತಿಕ ನೆಮ್ಮದಿ ಅದರಲ್ಲಿ ಸೇರಿದೆ, ಬದುಕು–ಸಾವು–ಮತ್ತೆ ಬದುಕು ಎಂಬ ಚಕ್ರವೂ ಸೇರಿದೆ ಎಂಬ ಅರ್ಥದ ವ್ಯಾಖ್ಯೆ ಅದರಲ್ಲಿತ್ತು. ಇಂದಿಗೂ ಎಲ್ಲ ನೀತಿಪತ್ರಗಳು ಅದನ್ನೇ ಎತ್ತಿ ಹಾಕಿಕೊಳ್ಳುತ್ತವೆ.

ಐದು ವರ್ಷದ ನಂತರ, 1994ರಲ್ಲಿ, ಆ ಕಾರ್ಯತಂತ್ರ ಎಷ್ಟು ಜಾರಿಯಾಯಿತು ಅಂತ ಪರಿಶೀಲನೆ ನಡೆಯಿತು. ಅದು ಪರಿಣಾಮಕಾರಿಯಾಗಿ ಜಾರಿಯಾಗಲೇ ಇಲ್ಲ ಅನ್ನುವುದು ಉತ್ತರ. ಸಾಕಷ್ಟು ಹಣ ಇಟ್ಟಿರಲಿಲ್ಲ, ಯಾರ ಹೊಣೆ ಅಂತಲೂ ಸ್ಪಷ್ಟ ಇರಲಿಲ್ಲ. 1995ರಲ್ಲಿ ಮೂಲನಿವಾಸಿ ಆರೋಗ್ಯದ ಹೊಣೆಯನ್ನು ಕೇಂದ್ರದ ಆರೋಗ್ಯ ಇಲಾಖೆಗೆ ಕೊಟ್ಟರು. ಕಿಂಟೋರ್‌ನ ರೋಗಿಗಳು ಮಾತ್ರ ಆಲಿಸ್ ಸ್ಪ್ರಿಂಗ್ಸ್‌ನಲ್ಲೇ ಇದ್ದರು.

ಊರಲ್ಲಿ ಯಂತ್ರ ಹಾಕಿಕೊಡಿ ಅಂತ ಕೇಳಿದಾಗ ಸಿಕ್ಕ ಉತ್ತರ, ಆಗುವುದಿಲ್ಲ. ದುಬಾರಿ, ಅಪಾಯ, ನೀರು ಸರಿಯಿಲ್ಲ, ನರ್ಸ್ ಸಿಗುವುದಿಲ್ಲ. ಪೂರ್ತಿ ಸುಳ್ಳು ಕಾರಣಗಳೇನಲ್ಲ. ಡಯಾಲಿಸಿಸ್‌ಗೆ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಲೀಟರ್ ಶುದ್ಧ ನೀರು ಬೇಕು. ಮರುಭೂಮಿಯ ಬೋರ್‌ವೆಲ್ ನೀರು ಗಡಸು. ಅದನ್ನು ಆರ್‌ಓ ಯಂತ್ರದಲ್ಲಿ ಸೋಸಿದರೆ ಒಂದಷ್ಟು ನೀರು ಪಕ್ಕಕ್ಕೆ ಹೋಗುತ್ತದೆ. ಕರೆಂಟ್ ಹೋದರೆ ಕಷ್ಟ. ರೋಗಿಯ ಎದೆ ನಿಂತರೆ ವಿಮಾನವೇ ಬರಬೇಕು.

ನಾಲ್ಕು ಚಿತ್ರ

ಪಾಪುನ್ಯಾದಲ್ಲಿದ್ದಾಗ ಶುರುವಾದ ಒಂದು ವಿಷಯ ಇಲ್ಲಿ ಕೆಲಸಕ್ಕೆ ಬಂತು. 1970ರ ದಶಕದ ಆರಂಭದಲ್ಲಿ ಅಲ್ಲಿನ ಗಂಡಸರು ತಮ್ಮ ಆಚರಣೆಯ ಚಿತ್ತಾರಗಳನ್ನು ಹಲಗೆ, ಕ್ಯಾನ್ವಾಸ್ ಮೇಲೆ ಬರೆಯತೊಡಗಿದ್ದರು. 1972ರಲ್ಲಿ ಪಾಪುನ್ಯಾ ತುಲಾ ಆರ್ಟಿಸ್ಟ್ಸ್ ಅನ್ನುವ ಕಲಾವಿದರದ್ದೇ ಕಂಪನಿ ಆಯಿತು. ಚುಕ್ಕಿ ಚುಕ್ಕಿಯ ಆ ಚಿತ್ರಗಳು ಈಗ ಜಗತ್ತಿನ ದೊಡ್ಡ ಮ್ಯೂಸಿಯಂಗಳಲ್ಲಿವೆ. ಗೊತ್ತಿಲ್ಲದವರಿಗೆ ಅದು ಸುಮ್ನೆ ವಿನ್ಯಾಸದಂತೆ ಕಾಣುತ್ತದೆ. ಬರೆದವರಿಗೆ ಅದು ಒಂದು ಜಾಗದ ಕಥೆ, ಆ ಜಾಗದ ಮೇಲಿನ ಹಕ್ಕಿನ ಪತ್ರ. ಹಕ್ಕಿಲ್ಲದವರು ಆ ಕಥೆ ಬರೆಯುವಂತಿಲ್ಲ.

ಕಿಂಟೋರ್‌ನ ಗಂಡಸರು ಒಂದು, ಹೆಂಗಸರು ಒಂದು, ಕಿವಿರ್ಕುರಾದ ಗಂಡಸರು ಒಂದು, ಹೆಂಗಸರು ಒಂದು. ಹೀಗೆ ಕೂಡಿ ಬರೆದ ನಾಲ್ಕು ದೊಡ್ಡ ಚಿತ್ರಗಳು ಮತ್ತು ಇನ್ನೂ ಹಲವು ಕೃತಿಗಳು 2000ದ ನವೆಂಬರ್‌ನಲ್ಲಿ ಸಿಡ್ನಿಯ ಆರ್ಟ್ ಗ್ಯಾಲರಿ ಆಫ್ ನ್ಯೂ ಸೌತ್ ವೇಲ್ಸ್‌ನಲ್ಲಿ ಹರಾಜಾದವು. ಬಂದ ಹಣ ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ. ಯಾವ ನೆಲಕ್ಕೆ ಮರಳಲು ದುಡ್ಡು ಬೇಕಿತ್ತೋ ಅದೇ ನೆಲದ ಕಥೆ ಬರೆದು ದುಡ್ಡು ಹುಟ್ಟಿಸಿದರು.

ಇದನ್ನು ಓದಿ ಖುಷಿಪಡುವುದು ಸುಲಭ. ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ. ಶ್ರೀಮಂತ ದೇಶದ ಪ್ರಜೆಗಳು, ಮೆಲ್ಬರ್ನ್‌ನವರಿಗೆ ಕೇಳದೆ ಸಿಗುವ ಚಿಕಿತ್ಸೆಯನ್ನು ಪಡೆಯಲು ಚಿತ್ರ ಮಾರಬೇಕಾಯಿತು. ಎಲ್ಲ ಊರಿನಲ್ಲೂ ಇಷ್ಟು ಹೆಸರಾದ ಕಲಾವಿದರು ಇರುವುದಿಲ್ಲವಲ್ಲ.

ನೇರಳೆ ಮನೆ

ಹಣ ಕೈಗೆ ಬಂದಮೇಲೆ ಸಮಿತಿ ಆಯಿತು. 2003ರಲ್ಲಿ ಸಂಸ್ಥೆಯಾಗಿ ನೋಂದಣಿ ಆಯಿತು. ಹೆಸರು ವೆಸ್ಟರ್ನ್ ಡೆಸರ್ಟ್ ನಗಾನಂಪ ವಾಲಿಟ್ಜ ಪಲ್ಯಂಜಕು ಟ್ಜುಟಕು. ನಮ್ಮ ಬಂಧುಬಳಗವನ್ನೆಲ್ಲ ಹುಷಾರು ಮಾಡುವುದು ಅನ್ನುವ ಅರ್ಥ. ಇಷ್ಟುದ್ದ ಹೇಳಲಾಗದವರು ಆಲಿಸ್ ಸ್ಪ್ರಿಂಗ್ಸ್‌ನಲ್ಲಿರುವ ಅದರ ಕಟ್ಟಡದ ಬಣ್ಣ ನೋಡಿ ಪರ್ಪಲ್ ಹೌಸ್ ಅನ್ನುತ್ತಾರೆ. ಈಗ ಎಲ್ಲರೂ ಹಾಗೇ ಕರೆಯುವುದು. ನಿರ್ದೇಶಕರು ಮೂಲನಿವಾಸಿಗಳೇ, ಅವರಲ್ಲಿ ರೋಗಿಗಳೂ ಇದ್ದಾರೆ. 2004ರಲ್ಲಿ ಕಿಂಟೋರ್‌ನಲ್ಲಿ ಮೊದಲ ಡಯಾಲಿಸಿಸ್ ನಡೆಯಿತು.

ಮೊದಮೊದಲು ಎಲ್ಲರಿಗೂ ಕುರ್ಚಿ ಸಾಲುತ್ತಿರಲಿಲ್ಲ. ಪಾಳಿ ಮಾಡಿಕೊಂಡರು. ಕೆಲವು ವಾರ ಊರು, ಮತ್ತೆ ಆಲಿಸ್ ಸ್ಪ್ರಿಂಗ್ಸ್. ಆಸ್ಪತ್ರೆಯ ಲೆಕ್ಕದಲ್ಲಾದರೆ ಯಾರ ದೇಹಸ್ಥಿತಿ ಚೆನ್ನಾಗಿದೆ ಅನ್ನುವುದೊಂದೇ ಅಳತೆ. ಇಲ್ಲಿ ಅದರ ಜೊತೆಗೆ ಬೇರೆ ಲೆಕ್ಕವೂ ಬಂತು. ಯಾರ ಮನೆಯಲ್ಲಿ ಸಾವಾಗಿದೆ? ಯಾವ ಆಚರಣೆಗೆ ಯಾರು ಇರಲೇಬೇಕು? ಒಬ್ಬ ಹಿರಿಯರು ಎರಡು ವಾರ ಊರಲ್ಲಿದ್ದರೆ ಎಷ್ಟು ಕೆಲಸ ಸಾಗುತ್ತದೆ ಅನ್ನುವುದು ಊರಿನವರಿಗೆ ಗೊತ್ತು, ಡಾಕ್ಟರಿಗೆ ಗೊತ್ತಿಲ್ಲ.

ಪಟ್ಟಣದ ನೇರಳೆ ಕಟ್ಟಡದ ಒಳಗೊಮ್ಮೆ ನೋಡೋಣ. ಒಳಗೆ ಡಯಾಲಿಸಿಸ್ ಕುರ್ಚಿಗಳು. ಹಿತ್ತಿಲಲ್ಲಿ ಬೆಂಕಿ. ಕಾಂಗರೂ ಬಾಲದ ಕೂದಲು ಸುಟ್ಟು, ಫಾಯಿಲ್‌ನಲ್ಲಿ ಸುತ್ತಿ, ಕೆಂಡ-ಬೂದಿಯ ಅಡಿಯಲ್ಲಿ ಹೂತಿಡುತ್ತಾರೆ. ಬೆಂದಮೇಲೆ ಕತ್ತರಿಸಿ ಹಂಚುತ್ತಾರೆ. ಸೂಜಿ ತೆಗೆಸಿಕೊಂಡು ಬಂದವರು ಅಲ್ಲೇ ಕೂತು ತಿನ್ನುತ್ತಾರೆ. ಬಟ್ಟೆ ಒಗೆಯಲು ಯಂತ್ರ ಇದೆ. ಪಿಂಚಣಿ, ಬಾಡಿಗೆಯ ಅರ್ಜಿ ತುಂಬಿಕೊಡುವವರಿದ್ದಾರೆ. ಡಾಕ್ಟರ್ ಬರುತ್ತಾರೆ. ಇನ್ನೊಂದು ಕಡೆ ಇರ್ಮಂಕ-ಇರ್ಮಂಕ ಅನ್ನುವ ಪೊದೆಯ ಸೊಪ್ಪನ್ನು ಎಣ್ಣೆಯಲ್ಲಿ ಇಳಿಸಿ, ಜೇನುಮೇಣ ಸೇರಿಸಿ ಮುಲಾಮು ಮಾಡುತ್ತಾರೆ. ಮೈಕೈ ನೋವಿಗೆ, ನೆಗಡಿಗೆ ಹಚ್ಚಿಕೊಳ್ಳುವುದು. ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ ಕೂಡ. ಡಯಾಲಿಸಿಸ್‌ನಿಂದ ಸುಸ್ತಾದವರು ಕೂತಲ್ಲೇ ಸೊಪ್ಪು ಬಿಡಿಸಬಹುದು, ಮಕ್ಕಳಿಗೆ ಯಾವ ಗಿಡ ಯಾವುದು ಅಂತ ತೋರಿಸಬಹುದು. ಅವರ ಅರಿವಿಗೆ ಬೆಲೆ ಇದೆ ಅನ್ನುವುದು ರೋಗಿಗೆ ದಿನವೂ ಗೊತ್ತಾಗುತ್ತದೆ.

ಯಾವ ಮೂಲನಿವಾಸಿ ವೈದ್ಯವೂ ಇಲ್ಲಿ ಡಯಾಲಿಸಿಸ್‌ಗೆ ಬದಲಿ ಅಲ್ಲ. ಹಾಗೆ ಯಾರೂ ಹೇಳಿಯೂ ಇಲ್ಲ. ಮರುಭೂಮಿಯಲ್ಲಿ ನಂಗ್ಕರಿ ಎಂಬ ವೈದ್ಯರಿದ್ದಾರೆ, ಮುಟ್ಟಿ, ಊದಿ, ನೋವು ತೆಗೆಯುವವರು. ಜನ ಅವರ ಬಳಿಯೂ ಹೋಗುತ್ತಾರೆ, ಯಂತ್ರದ ಬಳಿಯೂ ಬರುತ್ತಾರೆ. ಎರಡರಲ್ಲಿ ಒಂದು ಆರಿಸಿಕೋ ಅನ್ನುವ ಗಲಾಟೆ ಹೆಚ್ಚಾಗಿ ಹೊರಗಿನವರದ್ದು.

2011ರಲ್ಲಿ ನೇರಳೆ ಲಾರಿ ಬಂತು. ಒಳಗೆ ಡಯಾಲಿಸಿಸ್ ಕುರ್ಚಿ, ಹೊರಗೆ ಚಿತ್ರ. ಕ್ಲಿನಿಕ್ ಇಲ್ಲದ ಊರಿನವರೂ ತಿಥಿಗೆ, ಆಚರಣೆಗೆ, ಹಬ್ಬಕ್ಕೆ ಕೆಲವು ದಿನ ಮನೆಗೆ ಹೋಗಿ ಬರಲು ಇದರಿಂದ ದಾರಿಯಾಯಿತು.

ಗಡಿಯ ತಕರಾರು

ಕಿವಿರ್ಕುರಾ ಇರುವುದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಆದರೆ ಅಲ್ಲಿನವರ ನಂಟು, ಅಂಗಡಿ, ಆಸ್ಪತ್ರೆ ಎಲ್ಲ ಗಡಿಯಾಚೆಯ ನಾರ್ದರ್ನ್ ಟೆರಿಟರಿಯ ಆಲಿಸ್ ಸ್ಪ್ರಿಂಗ್ಸ್ ಕಡೆಗೆ. ಕಿಂಟೋರ್ ಇರುವುದೂ ಈ ಟೆರಿಟರಿಯಲ್ಲೇ. 2009ರ ಆರಂಭದಲ್ಲಿ ಟೆರಿಟರಿ ಸರ್ಕಾರ, ನಮ್ಮಲ್ಲಿ ಜಾಗ ಇಲ್ಲ, ಬೇರೆ ರಾಜ್ಯದ ಹೊಸ ಡಯಾಲಿಸಿಸ್ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ ಅಂದುಬಿಟ್ಟಿತು. ಅಂದರೆ ಕಿವಿರ್ಕುರಾದವರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪರ್ತ್‌ಗೋ ಕಾಲ್ಗೂರ್ಲಿಗೋ ಹೋಗಬೇಕು. ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯವರು ಅಡಿಲೇಡ್‌ಗೆ. ಅಲ್ಲಿ ಅವರ ಭಾಷೆ ಆಡುವವರು ಸಿಗುವುದು ಕಮ್ಮಿ.

ಸರ್ಕಾರದ ನಕ್ಷೆಯಲ್ಲಿ ರಾಜ್ಯದ ಗಡಿ ಇತ್ತು, ಆ ಜನರ ನಕ್ಷೆಯಲ್ಲಿ ಇರಲಿಲ್ಲ. 1989ರ ವ್ಯಾಖ್ಯೆ ಎಲ್ಲ ಸರ್ಕಾರಗಳ ಕಪಾಟಿನಲ್ಲೂ ಇತ್ತು. ಬಿಲ್ ಯಾರ ತಲೆಗೆ ಅನ್ನುವ ಪ್ರಶ್ನೆ ಬಂದಾಗ ಅದನ್ನು ಯಾರೂ ತೆಗೆದು ಓದಲಿಲ್ಲ. ಜನರ ಪ್ರತಿಭಟನೆ, ಪತ್ರಿಕೆಗಳ ಒತ್ತಡ, ರಾಜ್ಯಗಳ ನಡುವಿನ ಮಾತುಕತೆ ಎಲ್ಲ ಆಗಿ ನಿಧಾನವಾಗಿ ಬಿಗಿ ಸಡಿಲಾಯಿತು. ಈ ಗಲಾಟೆಯ ಬೆನ್ನಿಗೇ ಮಧ್ಯ ಆಸ್ಟ್ರೇಲಿಯಾದ ಕಿಡ್ನಿ ಚಿಕಿತ್ಸೆ ಕುರಿತು ಒಂದು ದೊಡ್ಡ ಅಧ್ಯಯನ ನಡೆದು 2011ರಲ್ಲಿ ವರದಿ ಬಂತು.

ಅದೇ ವರ್ಷಗಳಲ್ಲಿ ನೀತಿ ಇನ್ನೊಂದು ದಿಕ್ಕಿಗೂ ಎಳೆಯುತ್ತಿತ್ತು. 2007ರಲ್ಲಿ ಕೇಂದ್ರ ಸರ್ಕಾರ ತುರ್ತು ಕ್ರಮದ ಹೆಸರಲ್ಲಿ ಟೆರಿಟರಿಯ ಮೂಲನಿವಾಸಿ ಊರುಗಳ ಆಡಳಿತಕ್ಕೆ ನೇರವಾಗಿ ಕೈಹಾಕಿತು. 2009ರಲ್ಲಿ ಟೆರಿಟರಿ ಸರ್ಕಾರ 20 ಬೆಳವಣಿಗೆ ಪಟ್ಟಣಗಳನ್ನು ಆರಿಸಿ, ದುಡ್ಡೆಲ್ಲ ಅಲ್ಲಿಗೆ ಹರಿಸುವ ಯೋಜನೆ ಹಾಕಿತು. ಪಾಪುನ್ಯಾ ಆ ಪಟ್ಟಿಯಲ್ಲಿತ್ತು. ಕಿಂಟೋರ್ ಇರಲಿಲ್ಲ. ಯಾವ ಊರನ್ನು ಬಿಟ್ಟು ಬಂದು ಜನ ಉಸಿರಾಡಿದ್ದರೋ ಆ ಕಡೆಗೇ ಮತ್ತೆ ನೂಕಿದ ಹಾಗೆ.

13105

ಆಸ್ಟ್ರೇಲಿಯಾದಲ್ಲಿ ಮೆಡಿಕೇರ್ ಪಟ್ಟಿಯಲ್ಲಿ ಪ್ರತಿ ಚಿಕಿತ್ಸೆಗೂ ಒಂದು ಸಂಖ್ಯೆ. ಸಂಖ್ಯೆ ಇದ್ದರೆ ಮಾಡಿದಷ್ಟಕ್ಕೂ ಹಣ ಬರುತ್ತದೆ. ಇಲ್ಲದಿದ್ದರೆ ವರ್ಷ ವರ್ಷ ಅರ್ಜಿ ಹಾಕಿಕೊಂಡು, ದಾನ ಕೇಳಿಕೊಂಡು ಇರಬೇಕು. ಪರ್ಪಲ್ ಹೌಸ್ ಬಹಳ ವರ್ಷ ಹಾಗೆಯೇ ಇತ್ತು. ದಾನ, ಚಿತ್ರದ ಹಣ, ಗಣಿ ಮತ್ತು ಜಮೀನಿನ ಪರಿಹಾರದಿಂದ ಸಮುದಾಯಗಳು ತೆಗೆದಿಟ್ಟ ಪಾಲು, ಅಲ್ಲಿ ಇಲ್ಲಿ ಸಿಕ್ಕ ಸರ್ಕಾರಿ ಅನುದಾನ.

ಮೆಡಿಕೇರ್ ಪಟ್ಟಿಯನ್ನೇ ಪರಿಶೀಲಿಸಲು ಕೂತ ಕಾರ್ಯಪಡೆಯ ಕಿಡ್ನಿ ಸಮಿತಿ, ದೂರದ ಊರಿನ ಡಯಾಲಿಸಿಸ್‌ಗೆ ಹೊಸ ಸಂಖ್ಯೆ ಕೊಡಬೇಕು ಅಂತ ಶಿಫಾರಸು ಮಾಡಿತು. 2018ರ ನವೆಂಬರ್ 1ರಿಂದ 13105 ಜಾರಿಗೆ ಬಂತು. ಅದರಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಡಾಕ್ಟರ್ ಪಕ್ಕದಲ್ಲೇ ನಿಂತಿರಬೇಕಾಗಿಲ್ಲ. ತಜ್ಞರು ದೂರದಿಂದ ಮೇಲುಸ್ತುವಾರಿ ಮಾಡಿದರೆ ಸಾಕು. ನರ್ಸ್ ಜೊತೆಗೆ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರ ಕೆಲಸಕ್ಕೂ ಮಾನ್ಯತೆ ಸಿಕ್ಕಿತು. ಎರಡು, ಇದು ತೀರಾ ದೂರದ ಪ್ರದೇಶ ಅಂತ ವರ್ಗೀಕರಿಸಿದ ಜಾಗಗಳಿಗೆ ಮಾತ್ರ. ಒಂದು ಚಿಕಿತ್ಸೆಗೆ ಎಲ್ಲಿ ನಡೆಯಿತು ಅನ್ನುವ ಕಾರಣಕ್ಕೇ ಹಣ.

ನೆಲ, ನಂಟು, ನೆಮ್ಮದಿ ಅನ್ನುವ ಪದಗಳು ಆ ನಿಯಮದಲ್ಲಿ ಎಲ್ಲೂ ಇಲ್ಲ. ಒಣ ಗುಮಾಸ್ತ ಭಾಷೆ. ಆದರೂ ಮೂಲನಿವಾಸಿಗಳ ಆರೋಗ್ಯ ಕಲ್ಪನೆ ಸಾರ್ವಜನಿಕ ನೀತಿಯೊಳಗೆ ಅತಿ ಗಟ್ಟಿಯಾಗಿ ಕೂತದ್ದು ಇಲ್ಲೇ ಅಂತ ನನ್ನ ಅನಿಸಿಕೆ. 1989ರ ವ್ಯಾಖ್ಯೆಗಿಂತ ಈ ಐದಂಕಿಗೆ ಜಾಸ್ತಿ ಬಲ ಇದೆ. ವ್ಯಾಖ್ಯೆಯನ್ನು ಮುಂದಿನ ಮಂತ್ರಿ ಮರೆಯಬಹುದು. ಸಂಖ್ಯೆ ತೆಗೆದುಹಾಕಬೇಕಾದರೆ ಯಾರಾದರೂ ಸಹಿ ಹಾಕಬೇಕು, ಕಾರಣ ಹೇಳಬೇಕು.

ಪರ್ಪಲ್ ಹೌಸ್ ಈಗ ಟೆರಿಟರಿ, ಪಶ್ಚಿಮ ಮತ್ತು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸುಮಾರು 20 ಕ್ಲಿನಿಕ್ ನಡೆಸುತ್ತದೆ. ಕಿವಿರ್ಕುರಾದಲ್ಲೂ ಕುರ್ಚಿ ಇದೆ. ಡಯಾಲಿಸಿಸ್ ರೋಗಿಗಳು ಬದುಕಿ ಉಳಿಯುವ ಲೆಕ್ಕದಲ್ಲಿ ಮಧ್ಯ ಆಸ್ಟ್ರೇಲಿಯಾ ದೇಶದ ಕೊನೆಯ ಸ್ಥಾನದಿಂದ ಮೊದಲ ಸ್ಥಾನಕ್ಕೆ ಬಂದಿದೆ ಅಂತ ಸಂಸ್ಥೆ ಹೇಳುತ್ತದೆ. ಎಲ್ಲ ಅದರಿಂದಲೇ ಆಯಿತು ಅನ್ನಲಾಗದು. ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಯ ಸೇವೆಯೂ ಈ ಅವಧಿಯಲ್ಲಿ ಬೆಳೆದಿದೆ.

ನೆಲಕ್ಕೂ ದೇಹಕ್ಕೂ ನಿಜಕ್ಕೂ ಸಂಬಂಧ ಇದೆಯಾ?

ಸಂಶಯ ಇರುವವರಿಗೆ ಅಂಕಿ ಅಂಶವೂ ಇದೆ. 1980ರ ದಶಕದ ಆರಂಭದಲ್ಲಿ ಕೆರಿನ್ ಓ'ಡೀ (Kerin O'Dea) ಎಂಬ ಸಂಶೋಧಕಿ, ಪಶ್ಚಿಮ ಆಸ್ಟ್ರೇಲಿಯಾದ ಡರ್ಬಿ ಹತ್ತಿರದ ಮೊವಾಂಜಮ್ ಊರಿನ ಸಕ್ಕರೆ ಕಾಯಿಲೆಯ 10 ಜನರ ಜೊತೆ ಅವರ ನೆಲಕ್ಕೇ ಹೋದರು. ಏಳು ವಾರ ಬೇಟೆ, ಮೀನು, ಗೆಣಸು ತಿಂದು ಇದ್ದರು. ಸರಾಸರಿ 8 ಕಿಲೋ ತೂಕ ಇಳಿಯಿತು, ರಕ್ತದ ಸಕ್ಕರೆ ಬಹಳ ಇಳಿಯಿತು. 1984ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಅವಧಿಯೂ ಚಿಕ್ಕದು. ಆದರೂ ಈಗಲೂ ಎಲ್ಲರೂ ನೆನೆಯುತ್ತಾರೆ.

ಅದಕ್ಕಿಂತ ತೂಕದ್ದು ಯುಟೋಪಿಯಾದ್ದು. ಆಲಿಸ್ ಸ್ಪ್ರಿಂಗ್ಸ್‌ನ ಈಶಾನ್ಯಕ್ಕೆ, ಆಲ್ಯವಾರ್ ಮತ್ತು ಅನ್ಮಟ್ಯೆರ್ ಜನ ಹದಿನಾರು ಸಣ್ಣ ಸಣ್ಣ ನೆಲೆಗಳಲ್ಲಿ ಚದುರಿ ಬದುಕುವ ಜಾಗ ಅದು. ಅವರದ್ದೇ ಆರೋಗ್ಯ ಸೇವೆ ಗಾಡಿ ತೆಗೆದುಕೊಂಡು ನೆಲೆಯಿಂದ ನೆಲೆಗೆ ಹೋಗುತ್ತದೆ. ಅಲ್ಲಿನ 296 ವಯಸ್ಕರನ್ನು 1995ರಿಂದ ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನ 2008ರಲ್ಲಿ ಬಂತು. ಟೆರಿಟರಿಯ ಇತರ ಮೂಲನಿವಾಸಿಗಳಿಗೆ ಹೋಲಿಸಿದರೆ ಸಾವಿನ ಪ್ರಮಾಣ ಸುಮಾರು ಶೇ 40ರಷ್ಟು ಕಮ್ಮಿ. ಸಂಶೋಧಕರು ಸೂಚಿಸಿದ ಕಾರಣಗಳು: ನೆಲೆಗಳಿಗೇ ಹೋಗುವ ಆರೋಗ್ಯ ಸೇವೆ, ಓಡಾಟ, ಊಟ, ಹೆಂಡ ಕೈಗೆ ಸಿಗದಿರುವುದು, ನೆಲ ಮತ್ತು ಬಳಗದ ನಂಟು, ತಮ್ಮ ಬದುಕನ್ನು ತಾವೇ ನಡೆಸುವ ಅವಕಾಶ. ಯಾವುದರ ಪಾಲು ಎಷ್ಟು ಅಂತ ಬಿಡಿಸಲು ಆಗುವುದಿಲ್ಲ. ಬಿಡಿಸಲು ಆಗದಿರುವುದೇ ಮೂಲನಿವಾಸಿಗಳ ವಾದ ಕೂಡ. ವರದಿ ಬಂದ ಮರುವರ್ಷದ ಬೆಳವಣಿಗೆ ಪಟ್ಟಣಗಳ ಪಟ್ಟಿಯಲ್ಲಿ ಯುಟೋಪಿಯಾವೂ ಇರಲಿಲ್ಲ.

ಉಳಿದ ತಕರಾರುಗಳು

ಒಂದು ದೊಡ್ಡ ಆಕ್ಷೇಪ ಇದೆ, ನ್ಯಾಯವಾದದ್ದು. ಡಯಾಲಿಸಿಸ್ ಅಂದರೆ ಕಾಯಿಲೆಯ ಕೊನೆಯ ನಿಲ್ದಾಣ. ಸಮಗ್ರ ಆರೋಗ್ಯದ ಮಾತಾಡಿ, ಕೊನೆಗೆ ಕಿಡ್ನಿ ಸತ್ತಮೇಲಿನ ಯಂತ್ರಕ್ಕೆ ಹಣ ಗಿಟ್ಟಿಸಿದ್ದನ್ನು ಗೆಲುವು ಅನ್ನಬೇಕಾ? ಕಜ್ಜಿ ತಡೆಯಲು ಬೇಕಾದ ಸರಿಯಾದ ಮನೆ, ಕೆಲಸ ಮಾಡುವ ನಲ್ಲಿ, ಬಟ್ಟೆ ಒಗೆಯುವ ಯಂತ್ರ, ಅಂಗಡಿಯಲ್ಲಿ ಕೈಗೆಟಕುವ ಬೆಲೆಯ ತರಕಾರಿ, ಬಸುರಿಗೆ ಪೌಷ್ಟಿಕ ಊಟ, ಇವಕ್ಕೆ 13105ರಂಥ ಸಂಖ್ಯೆ ಇಲ್ಲ. ತಡೆಯುವುದು ಸಾಧ್ಯ ಅಂತಲೂ ಗೊತ್ತು. ಉತ್ತರದ ತಿವಿ ದ್ವೀಪಗಳಲ್ಲಿ 1995ರಲ್ಲಿ ಬಿಪಿ ಮತ್ತು ಕಿಡ್ನಿಯನ್ನು ಮೊದಲೇ ತಪಾಸಣೆ ಮಾಡಿ ಮಾತ್ರೆ ಕೊಡುವ ಕಾರ್ಯಕ್ರಮ ಶುರುವಾದಾಗ ಸಾವು, ಕಿಡ್ನಿ ವೈಫಲ್ಯ ಎರಡೂ ಇಳಿದಿದ್ದವು. ಅದು ಅದೇ ಹುರುಪಿನಲ್ಲಿ ಮುಂದುವರಿಯಲಿಲ್ಲ. ಯಂತ್ರಕ್ಕೆ ಫೋಟೊ ಇದೆ, ಉದ್ಘಾಟನೆ ಇದೆ. ಬಾರದ ಕಾಯಿಲೆಗೆ ಏನೂ ಇಲ್ಲ.

ಪರ್ಪಲ್ ಹೌಸ್‌ನವರನ್ನು ಇದಕ್ಕೆ ದೂರುವುದು ತಪ್ಪು. ಅವರು ಕೈಗೆ ಸಿಕ್ಕ ತುದಿಯಿಂದ ಹಗ್ಗ ಎಳೆದರು. ಹಿರಿಯರು ಊರಲ್ಲಿದ್ದರೆ ಮೊಮ್ಮಕ್ಕಳಿಗೆ ಊಟ, ಸ್ಕೂಲು, ಹಾಡು ಮೂರೂ ಸಿಗುತ್ತವೆ, ಅದೇ ಮುಂದಿನ ತಲೆಮಾರಿನ ತಡೆಗಟ್ಟುವಿಕೆ ಅನ್ನುವುದು ಅವರ ಕಡೆಯ ಮಾತು. ನನಗೆ ಅದು ಅರ್ಧ ಒಪ್ಪಿಗೆ. ಮನೆ ಸರಿಯಿಲ್ಲದಿದ್ದರೆ ಅಜ್ಜಿ ಎಷ್ಟು ಒಳ್ಳೆಯವರಾದರೂ ಕಜ್ಜಿ ಹೋಗುವುದಿಲ್ಲ.

ಇನ್ನೊಂದು, ನಿಯಂತ್ರಣದ ವಿಷಯ. 2020ರ ಜುಲೈನಲ್ಲಿ, ಮೂಲನಿವಾಸಿಗಳಿಗೂ ಉಳಿದವರಿಗೂ ನಡುವಿನ ಅಂತರ ಕಮ್ಮಿ ಮಾಡುವ ರಾಷ್ಟ್ರೀಯ ಒಪ್ಪಂದಕ್ಕೆ ಎಲ್ಲ ಸರ್ಕಾರಗಳೂ ಸಹಿ ಹಾಕಿದವು. ಮೂಲನಿವಾಸಿ ಸಂಸ್ಥೆಗಳ ಒಕ್ಕೂಟವೂ ಅದರಲ್ಲಿ ಪಾಲುದಾರ. ಸಮುದಾಯವೇ ನಡೆಸುವ ಸೇವೆಗಳನ್ನು ಬಲಪಡಿಸುವುದು ಅದರ ನಾಲ್ಕು ಮುಖ್ಯ ಸುಧಾರಣೆಗಳಲ್ಲಿ ಒಂದು. 2024ರ ಆರಂಭದಲ್ಲಿ ಕೇಂದ್ರ ಸರ್ಕಾರದ ಸಲಹಾ ಸಂಸ್ಥೆಯಾದ ಉತ್ಪಾದಕತಾ ಆಯೋಗ ಇದನ್ನು ಪರಿಶೀಲಿಸಿ, ಸರ್ಕಾರಗಳು ತಮ್ಮ ಕೆಲಸದ ರೀತಿಯನ್ನು ಬದಲಿಸಿಕೊಂಡಿಲ್ಲ ಅಂತ ಕಟುವಾಗಿ ಬರೆಯಿತು. 1994ರ ಪರಿಶೀಲನೆ ಓದಿದವರಿಗೆ ಇದರಲ್ಲಿ ಹೊಸದೇನೂ ಕಾಣದು. 2020–22ರ ಲೆಕ್ಕದಲ್ಲಿ ಮೂಲನಿವಾಸಿ ಗಂಡಸರ ಸರಾಸರಿ ಆಯಸ್ಸು 71.9 ವರ್ಷ, ಹೆಂಗಸರದ್ದು 75.6. ಉಳಿದವರಿಗಿಂತ ಎಂಟು ಒಂಬತ್ತು ವರ್ಷ ಕಮ್ಮಿ.

ಮೂರನೆಯದು ದಿನನಿತ್ಯದ ತೊಂದರೆ. 13105 ಚಿಕಿತ್ಸೆಗೆ ಹಣ ಕೊಡುತ್ತದೆ. ಕಟ್ಟಡಕ್ಕೆ ಕೊಡುವುದಿಲ್ಲ. ಮರುಭೂಮಿಯಲ್ಲಿ ಕ್ಲಿನಿಕ್ ಕಟ್ಟಬೇಕಾದರೆ ಕಬ್ಬಿಣ, ಸಿಮೆಂಟು, ಕೆಲಸಗಾರರು ಎಲ್ಲ ಲಾರಿಯಲ್ಲಿ ಬರಬೇಕು. ಅದಕ್ಕಿಂತ ಕಷ್ಟ ನರ್ಸ್‌ಗೆ ಮನೆ. ಊರಿನವರಿಗೇ ಮನೆ ಸಾಲದಿರುವಾಗ ನರ್ಸ್‌ಗೆ ಎಲ್ಲಿಂದ ಬರಬೇಕು? ಯಂತ್ರ ಇದ್ದು, ಸಂಖ್ಯೆ ಇದ್ದು, ನರ್ಸ್ ಮಲಗಲು ಜಾಗ ಇಲ್ಲದಿದ್ದರೆ ಕ್ಲಿನಿಕ್ ತೆರೆಯುವುದಿಲ್ಲ. ನರ್ಸ್ ರಜೆ ಹಾಕಿ ಬದಲಿ ಸಿಗದ ವಾರಗಳಲ್ಲಿ ರೋಗಿಗಳು ಮತ್ತೆ ಆಲಿಸ್ ಸ್ಪ್ರಿಂಗ್ಸ್ ಗಾಡಿ ಹತ್ತಬೇಕು. ಹೊಸ ಊರಿನವರು ನಮ್ಮಲ್ಲೂ ಕುರ್ಚಿ ಹಾಕಿ ಅಂತ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಮನೆಯದ್ದೇ.